ಭಾವನ ಬೆನ್ನು

ನಮ್ಮ ಭಾವನ ಬಗ್ಗೆ ಬರೆಯಬೇಕೆಂದರೆ ಮುಖಕ್ಕಿಂತ ಮೊದಲು ಬೆನ್ನಿನಿಂದ ಶುರು ಮಾಡಬೇಕು. ಇಪ್ಪತ್ತೆರಡು ವರ್ಷ ಅವರು ಮುಂದೆ, ಉಳಿದವರೆಲ್ಲ ಹಿಂದೆ. ನಮ್ಮ ಕಡಲ ದಂಡೆ ನೋಡಲು ಬಂದ ಸಾವಿರಾರು ಜನರಲ್ಲಿ ಯಾರನ್ನಾದರೂ ಹಿಡಿದು, ನಿಮಗೆ ದಾರಿ ತೋರಿಸಿದವರ ಮುಖ ಹೇಗಿತ್ತು ಎಂದು ಕೇಳಿ, ತಡವರಿಸುತ್ತಾರೆ. ಬೆನ್ನು ಮಾತ್ರ ಎಲ್ಲರಿಗೂ ನೆನಪು. ಬಲ ಹೆಗಲು ಸ್ವಲ್ಪ ಇಳಿದ, ಬೆವರಿನ ಪಟ್ಟೆ ಬಿದ್ದ, ಯಾರು ಕರೆದರೂ ತಿರುಗದ ಬೆನ್ನು.

ತಿರುಗದೆ ಇದ್ದದ್ದು ಸೊಕ್ಕಿನಿಂದಲ್ಲ, ಕಸುಬಿನಿಂದ. ಊರಿನಿಂದ ಕಡಲಿನ ಪಕ್ಕದಲ್ಲೇ ಹದಿನೇಳು ಕಿಲೋಮೀಟರ್ ಸೈಕಲ್ ತುಳಿದರೆ ರಸ್ತೆ ಮುಗಿಯುತ್ತದೆ. ಅಲ್ಲೊಂದು ತಗಡಿನ ಶೆಡ್ಡು. ಸೈಕಲ್ಲುಗಳನ್ನು ಅಲ್ಲಿಟ್ಟು ಬೀಗ ಹಾಕಿದರೆ ಮುಂದೆ ಕಾಲ್ನಡಿಗೆ. ಎದುರಿಗೆ ಬೆಟ್ಟವೊಂದು ನೇರ ನೀರಿಗೇ ಇಳಿದು ನಿಂತಿದೆ. ನಾವು ಅದನ್ನು ಮೂಗು ಎನ್ನುತ್ತೇವೆ. ಕಡಲು ಇಳಿತದಲ್ಲಿರುವಾಗ ಮಾತ್ರ ಮೂಗಿನ ಬುಡದ ಬಂಡೆಗಳ ಮೇಲೆ ಹೆಜ್ಜೆ ಹಾಕಿ ಆಚೆಯ ಮರಳು ದಂಡೆಗೆ ಹೋಗಬಹುದು. ಒಂದೂಕಾಲು ಗಂಟೆಯ ನಡಿಗೆ. ದಾರಿ ತೆರೆದಿರುವುದು ಮೂರೇ ಗಂಟೆ, ಆಮೇಲೆ ಉಬ್ಬರ ಬಂದು ಎಲ್ಲವನ್ನೂ ಮುಚ್ಚುತ್ತದೆ. ಆಚೆ ತಲುಪಿದವರು ಬೆಟ್ಟದ ಮೇಲಿನ ಮೆಟ್ಟಿಲು ಹತ್ತಿ ಇಳಿದು ಶೆಡ್ಡಿಗೆ ಮರಳುತ್ತಾರೆ.

ಇಂಥ ಕಡೆ ಹದಿನೈದು ಜನರನ್ನು ಕರೆದುಕೊಂಡು ಹೋಗುವವನು ಒಂದು ಸಲ ಹಿಂದೆ ತಿರುಗಿದರೆ ಮುಗಿಯಿತು. ಒಬ್ಬರಿಗೆ ಫೋಟೋ ಬೇಕು, ಇನ್ನೊಬ್ಬರ ಚಪ್ಪಲಿ ಕಿತ್ತಿದೆ, ಮತ್ತೊಬ್ಬರಿಗೆ ಏಡಿ ಕಂಡಿದೆ. ಗುಂಪು ಅಲ್ಲೇ ಬೇರು ಬಿಡುತ್ತದೆ. ಮುಂದಿರುವವನು ನಿಲ್ಲದೆ, ನೋಡದೆ, ತಲೆಯ ಮೇಲೆ ಕೈಯೆತ್ತಿ ಬನ್ನಿ ಬನ್ನಿ ಎಂದು ಸನ್ನೆ ಮಾಡುತ್ತ ನಡೆದರೆ, ಎಲ್ಲಿ ಬಿಟ್ಟುಹೋಗುತ್ತಾನೋ ಎಂದು ಜನ ಬಿದ್ದು ಎದ್ದು ಓಡಿಬರುತ್ತಾರೆ. ಇದನ್ನು ಭಾವನಿಗೆ ಯಾರೂ ಕಲಿಸಿದ್ದಲ್ಲ. ಈ ಉಪಾಯದಿಂದಲೇ ಅವರು ಅಷ್ಟು ವರ್ಷ ಒಬ್ಬರನ್ನೂ ನೀರಿಗೆ ಬಿಟ್ಟುಕೊಡಲಿಲ್ಲ. ಮಾತಿಗೊಮ್ಮೆ ಕೈಗಡಿಯಾರ ನೋಡುವುದರಿಂದ ಊರವರು ಅವರನ್ನು ಗಡಿಯಾರದಣ್ಣ ಎಂದು ಕರೆದರು.

ಅವರು ಈ ಊರಿನವರಲ್ಲ. ಕಡಲ ರಸ್ತೆ ಮಾಡುವಾಗ ಅಳತೆಯ ತಂಡದಲ್ಲಿ ಟೇಪು ಹಿಡಿಯುವ ಕೆಲಸಕ್ಕೆ ಬಂದವರು. ರಸ್ತೆ ಮೂಗನ್ನು ಸುತ್ತಿಹೋಗಬೇಕಿತ್ತು. ಬಂಡೆ ಜಗ್ಗಲಿಲ್ಲ, ಎಂಜಿನಿಯರುಗಳು ಕೈಚೆಲ್ಲಿದರು, ತಂಡ ಗಂಟುಮೂಟೆ ಕಟ್ಟಿತು. ಟೇಪು ಹಿಡಿದವರೊಬ್ಬರು ಉಳಿದರು. "ಕಡಲಿಗೆ ಮನಸೋತು ಉಳ್ಕೊಂಡೆ" ಎಂದು ಗಿರಾಕಿಗಳ ಮುಂದೆ ಹೇಳುತ್ತಾರೆ. ಹಸಿ ಸುಳ್ಳು. ಮನಸೋತದ್ದು ನಮ್ಮ ಅಕ್ಕನಿಗೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅವಳು ಹೊಲಿಗೆ ಹಾಕುತ್ತ ಕೂತಿರುತ್ತಿದ್ದಳು. ಇವರು ಎರಡು ವಾರದಲ್ಲಿ ಮೂರು ಸಲ ಪ್ಯಾಂಟಿನ ಮಂಡಿ ಹರಿದುಕೊಂಡು ಬಂದರು. ಮೂರನೆಯ ಸಲದ್ದು ಬಂಡೆಗೆ ಸಿಕ್ಕಿ ಹರಿದದ್ದಲ್ಲ, ಬ್ಲೇಡಿನಲ್ಲಿ ಕೊಯ್ದದ್ದು. ನನಗೇ ಗೊತ್ತಾಯಿತು ಅಂದಮೇಲೆ ಬಟ್ಟೆಯಲ್ಲೇ ಬೆಳೆದ ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿಯೇ ಅವಳು ಆ ತೇಪೆಯನ್ನು ಅಷ್ಟು ನಿಧಾನವಾಗಿ ಹಾಕಿದಳು.

ನಮ್ಮದು ಮೂರು ಷಟರಿನ ಕಟ್ಟಡ. ಮೊದಲನೆಯದು ಅಕ್ಕನ ಹೊಲಿಗೆ ಅಂಗಡಿ, ನಡುವಿನದು ನನ್ನ ಸೈಕಲ್ ರಿಪೇರಿ, ಕೊನೆಯದು ಭಾವನ ಬಾಡಿಗೆ ಸೈಕಲ್ಲುಗಳದ್ದು. ನಡುವೆ ಇರುವುದು ಹಲಗೆಯ ಗೋಡೆ. ಈ ಕಡೆ ಅಕ್ಕನ ಮಿಷನ್ ನಿಂತರೂ ಕೇಳಿಸುತ್ತದೆ, ಆ ಕಡೆ ಭಾವ ಗಿರಾಕಿಗಳಿಗೆ ದಾರಿಯನ್ನು ವರ್ಣಿಸುವುದೂ ಕೇಳಿಸುತ್ತದೆ. ಎಂಥ ಮಾತು ಅಂತೀರಿ! ಉಪ್ಪಿನ ಗದ್ದೆಗಳ ಮೇಲೆ ಎಂಟು ಗಂಟೆಯ ಬಿಸಿಲು ಹೇಗೆ ಬೀಳುತ್ತದೆ, ದೀಪಸ್ತಂಭದ ತಿರುವಿನಲ್ಲಿ ನೀರು ಹಸಿರಿನಿಂದ ನೀಲಿಗೆ ಹೊರಳುವ ಗೆರೆ ಎಲ್ಲಿದೆ, ಮೂಗಿನ ಬುಡದ ಬಿಲದಲ್ಲಿ ಅಲೆ ನುಗ್ಗಿ ಮುದುಕರಂತೆ ಕೆಮ್ಮುವುದು ಯಾವ ಹೊತ್ತಿಗೆ, ಎಲ್ಲ ನಾಲಿಗೆ ತುದಿಯಲ್ಲಿ. ಅದೇ ಮನುಷ್ಯ ಸಂಜೆ ಮನೆಯೊಳಗೆ ಕಾಲಿಟ್ಟರೆ ಬಾಯಿಗೆ ಬೀಗ. ಅಕ್ಕ "ಇವತ್ತು ಹೇಗಿತ್ತು?" ಎಂದರೆ "ಇತ್ತು" ಎನ್ನುತ್ತಿದ್ದರು. ದಿನವೆಲ್ಲ ಮಾತಾಡಿ ಗಂಟಲು ಸೋತಿರುತ್ತದೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡು ವರ್ಷಗಳನ್ನು ತಳ್ಳಿದಳು.

ತನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳದೆ ಇರಲಿಲ್ಲ. ಸೀಸನ್ನಿನಲ್ಲಿ ಕೇಳಿದರೆ ಅವರಿಗೆ ಪುರುಸೊತ್ತಿಲ್ಲ, ಸೀಸನ್ ಮುಗಿದ ಮೇಲೆ ಕೇಳಿದರೆ ಕಡಲು ಸರಿಯಿಲ್ಲ. ಕೊನೆಗೆ, "ನಿಂಗೆ ಸೈಕಲ್ಲೇ ಬರಲ್ವಲ್ಲೇ" ಎನ್ನುತ್ತಿದ್ದರು.

ಅಕ್ಕನಿಗೆ ಆ ದಾರಿ ಗೊತ್ತಿದ್ದದ್ದು ಹರಿದ ಪ್ಯಾಂಟುಗಳ ಮೂಲಕ. ಮೂಗಿನ ಬಂಡೆಗಳಲ್ಲಿ ಜಾರಿದವರು ಸೈಕಲ್ ವಾಪಸು ಕೊಟ್ಟು ನೇರವಾಗಿ ಅವಳ ಅಂಗಡಿಗೆ ಬರುತ್ತಿದ್ದರು. ಗಂಡ ಹರಿಸುತ್ತಾನೆ, ಹೆಂಡತಿ ಹೊಲಿಯುತ್ತಾಳೆ, ಒಳ್ಳೆ ವ್ಯಾಪಾರ ಎಂದು ನಾನು ಕಿಚಾಯಿಸುತ್ತಿದ್ದೆ. ಅಕ್ಕ ಭಾವನ ಮಗಳ ಮದುವೆಯಾಗಿ ಮನೆ ಖಾಲಿಯಾದ ವರ್ಷ, ಒಂದು ಮಧ್ಯಾಹ್ನ, ಶಾಲೆಯ ಮೇಡಂ ಒಬ್ಬರು ಹಾಗೆ ಬಂದರು. ತೇಪೆ ಬೀಳುವವರೆಗೂ ಅವರ ಬಾಯಿ ನಿಲ್ಲಲಿಲ್ಲ.

"ಆ ಗಡಿಯಾರದಣ್ಣ ಎಷ್ಟ್ ಚೆನ್ನಾಗಿ ಮಾತಾಡ್ತಾರೆ ಅಂತೀರಾ! ದೀಪಸ್ತಂಭದ ತಿರುವಲ್ಲಿ ಎಲ್ರ ಕಣ್ಣೂ ಮುಚ್ಚಿಸಿ, ಈಗ ತೆಗೀರಿ ಅಂದ್ರು ನೋಡಿ, ನಂಗೆ ಅಳುನೇ ಬಂತು. ಅವ್ರ ಮನೆಯವ್ರು ಪುಣ್ಯ ಮಾಡಿರ್ಬೇಕು, ದಿನಾ ಕೇಳ್ಬಹುದಲ್ಲ."

ಮಿಷನ್ ನಿಂತಿತು. "ಹೌದಾ?" ಎಂದಳು ಅಕ್ಕ. ತಾನು ಯಾರೆಂದು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಿಷನ್ ಮತ್ತೆ ಓಡಿತು.

ಮೇಡಂ ಹೋದ ಮೇಲೆ ಅವಳು ನನ್ನ ಅಂಗಡಿಗೆ ಬಂದಳು. ನಾನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದೆ.

"ನಂಗೆ ಸೈಕಲ್ ಕಲಿಸ್ಕೊಡೋ."

"ಈ ವಯಸ್ಸಲ್ಲಾ? ಬಿದ್ದು ಕೈ ಮುರ್ಕೊಂಡ್ರೆ ಊರಿನ ಬಟ್ಟೆ ಎಲ್ಲ ಯಾರು ಹೊಲೀತಾರೆ?"

"ಆಗುತ್ತೋ ಇಲ್ವೋ ಅಷ್ಟು ಹೇಳು. ನಿಮ್ ಭಾವಂಗೆ ಗೊತ್ತಾಗ್ಬಾರ್ದು."

ನಾಲ್ಕು ತಿಂಗಳು ಹಿಡಿಯಿತು. ಬೆಳಗ್ಗೆ ಆರಕ್ಕೆ ಐಸ್ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ನಾನು ಸೀಟು ಹಿಡಿದು ಅವಳ ಹಿಂದೆ ಓಡುತ್ತಿದ್ದೆ. ಅವಳಿಗೆ ನಲವತ್ತಾರು, ನನಗೆ ನಲವತ್ತೊಂದು. ಯಾರು ಹೆಚ್ಚು ಏದುಸಿರು ಬಿಟ್ಟೆವೆಂದು ಹೇಳುವುದು ಕಷ್ಟ. ಬಿದ್ದಾಗಲೆಲ್ಲ ಎದ್ದು ಸೈಕಲ್ಲಿಗೆ ಬೈಯುತ್ತಿದ್ದಳು, ಅದಕ್ಕೂ ಕಿವಿಯಿದೆ ಎಂಬಂತೆ. ತನಗೆಂದೇ ಒಂದು ಕಂದು ಪ್ಯಾಂಟು ಹೊಲಿದುಕೊಂಡಳು, ಮಂಡಿಯ ಬಳಿ ಎರಡು ಪದರ, ನಾಲ್ಕು ಜೇಬು. ಇಷ್ಟು ಜೇಬಿನಲ್ಲಿ ಏನಿಡುತ್ತೀಯ ಎಂದೆ. "ಸಿಕ್ಕಿದ್ದನ್ನ" ಎಂದಳು. ಆ ನಾಲ್ಕು ತಿಂಗಳಲ್ಲಿ ಅವಳು ನಕ್ಕಷ್ಟು ಅದಕ್ಕೆ ಮುಂಚೆಯೂ ನಗಲಿಲ್ಲ, ಆಮೇಲೂ ನಗಲಿಲ್ಲ.

ಒಂದು ದಿನ ಭಾವ ಇಳಿತದ ವೇಳಾಪಟ್ಟಿ ಹಿಡಿದು ಕೂತಿದ್ದಾಗ ಅವಳು ಬೀದಿಯ ತುದಿಯಿಂದ ತುಳಿದುಕೊಂಡು ಬಂದು, ಅವರ ಷಟರಿನ ಮುಂದೆ ಬ್ರೇಕ್ ಹಾಕಿ, ಬೆಲ್ ಬಾರಿಸಿದಳು.

"ಇನ್ನೇನ್ ಹೇಳ್ತೀರಿ?"

ಭಾವ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಎಂಥ ನಗು! ಅನ್ಯಾಯವಾಗಿ ಅವರನ್ನು ಕಲ್ಲುಮನಸ್ಸಿನವರೆಂದು ಬರೆಯಬಾರದು, ಅವರ ಕಣ್ಣು ತುಂಬಿದ್ದನ್ನು ನಾನೇ ನೋಡಿದ್ದೇನೆ. ಅಲ್ಲೇ ವೇಳಾಪಟ್ಟಿಯಲ್ಲಿ ಒಂದು ದಿನಕ್ಕೆ ಸುತ್ತು ಹಾಕಿದರು. "ಬುಧವಾರ ಹನ್ನೆರಡೂ ಹತ್ತಕ್ಕೆ ಪೂರ್ತಿ ಇಳಿತ. ಅವತ್ತು ಗಿರಾಕಿ ಬೇಡ. ನಾವಿಬ್ರೇ."

ಅಕ್ಕ ನನ್ನನ್ನೂ ಕರೆದಳು. ಗಂಡ ಹೆಂಡತಿಯ ನಡುವೆ ನಾನ್ಯಾಕೆ ಎಂದು ದೊಡ್ಡ ಮನುಷ್ಯನಂತೆ ಹಿಂದೆ ಸರಿದೆ. ಹೋಗಿದ್ದರೆ ನಾನು ಅವಳ ಹಿಂದೆ ಇರುತ್ತಿದ್ದೆ, ಅವಳು ಕರೆದಾಗ ನಾನಾದರೂ ನೋಡುತ್ತಿದ್ದೆ. ಈ ಕೊರಗು ನನ್ನ ಪಾಲಿನದು.

ಆ ದಿನ ನಡೆದದ್ದನ್ನು ನಾನು ಇಬ್ಬರಿಂದಲೂ ಬೇರೆ ಬೇರೆಯಾಗಿ, ತುಣುಕು ತುಣುಕಾಗಿ ಕೇಳಿ ತಿಳಿದುಕೊಂಡೆ. ಬೆಳಗ್ಗೆ ಎಂಟಕ್ಕೆ ಹೊರಟರು. ಉಪ್ಪಿನ ಗದ್ದೆಗಳ ಬಳಿ ಒಬ್ಬ ಮುದುಕ ಒಂಟಿಯಾಗಿ ಉಪ್ಪು ಬಳಿಯುತ್ತಿದ್ದ. ಅಕ್ಕನಿಗೆ ನಿಂತು ನೋಡಬೇಕೆನಿಸಿತು. "ಇಲ್ಲಿ ಯಾರೂ ನಿಲ್ಲಲ್ಲ, ಮುಂದೆ ಇದಕ್ಕಿಂತ ಚೆನ್ನಾಗಿದೆ" ಎಂದರು ಭಾವ. ಬ್ರೆಡ್ಡು ಮೊಟ್ಟೆ ತಿನ್ನಲು ಏಳು ನಿಮಿಷ ಕೊಟ್ಟರು. ದೀಪಸ್ತಂಭದ ತಿರುವಿನಲ್ಲಿ ಸೈಕಲ್ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ, "ಈಗ ತೆಗಿ" ಎಂದರು. ಅಕ್ಕ ಕಣ್ಣು ತೆರೆದಳು. ನೀರು ಹಸಿರಿನಿಂದ ನೀಲಿಗೆ ಹೊರಳುವ ಗೆರೆ ಇತ್ತು, ಅವರು ಹೇಳುವಂತೆಯೇ ಇತ್ತು.

"ಚೆನ್ನಾಗಿತ್ತು ಕಣೋ" ಎಂದಳು ನನಗೆ. "ಆದ್ರೆ ಆ ಮಾತನ್ನ ನಾನು ಎರಡು ಗೋಡೆಯಾಚೆಯಿಂದ ಎಷ್ಟು ಸಲ ಕೇಳಿಸ್ಕೊಂಡಿದ್ದೆ. ನಂಗೆ ಅಂತ ಒಂದು ಹೊಸ ಮಾತಾದ್ರೂ ಇರುತ್ತೆ ಅಂದ್ಕೊಂಡಿದ್ದೆ."

ಏರುಗಳಲ್ಲಿ ಅವಳು ಇಳಿದು ತಳ್ಳಿಕೊಂಡು ಹೋದದ್ದರಿಂದ ಶೆಡ್ಡು ಮುಟ್ಟುವಾಗಲೇ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಒಂದೂ ನಲವತ್ತಕ್ಕೆ ದಾರಿ ಮುಚ್ಚುತ್ತದೆ. ಭಾವ ಗಡಿಯಾರ ನೋಡಿಕೊಂಡರು. ಅಲ್ಲಿಂದ ಮುಂದೆ ಅವರು ಗಂಡನಾಗಿ ಉಳಿಯಲಿಲ್ಲ, ಗಡಿಯಾರದಣ್ಣನಾದರು. ಮುಂದೆ ಮುಂದೆ ನಡೆದರು. ಅಕ್ಕ ಬಂಡೆ ಹಿಡಿದು, ಕೂತು, ಜಾರಿ, ಹೇಗೋ ಹಿಂದೆ ಬರುತ್ತಿದ್ದಳು.

ಅರ್ಧ ದಾರಿಯಲ್ಲಿ ಮೇಜು ಎಂಬ ಚಪ್ಪಟೆ ಬಂಡೆಯಿದೆ. ಅದನ್ನು ದಾಟಿ ನಾಲ್ಕು ಹೆಜ್ಜೆ ಹಾಕಿದವಳು ಏನನ್ನೋ ಕಂಡು ನಿಂತಳು. "ರೀ, ಇಲ್ಲಿ ನೋಡಿ!" ಎಂದು ಕೂಗಿದಳು. ಮತ್ತೊಮ್ಮೆ ಕೂಗಿದಳು. ಮೂರನೆಯ ಸಲ, "ಒಂದ್ನಿಮಿಷ ಬನ್ನಿ, ನಿಮಗೇನೋ ತೋರಿಸ್ಬೇಕು" ಎಂದಳು. ಮುಂದಿನ ಬೆನ್ನು ನಿಲ್ಲಲಿಲ್ಲ. ತಲೆಯ ಮೇಲೆ ಒಂದು ಕೈ ಎದ್ದಿತು, ಬಾ ಬಾ ಎಂದು ಎರಡು ಸಲ ಆಡಿತು, ಇಳಿಯಿತು. ಅಕ್ಕ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಬಂದ ದಾರಿ ಹಿಡಿದು ಹಿಂದಿರುಗಿದಳು.

ಮೂರೂವರೆಗೆ ನಾನು ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಅವಳೊಬ್ಬಳೇ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಬೀಗ ಹಾಕಿ, ಷಟರ್ ಎತ್ತಿದಳು. ಮಂಡಿಯವರೆಗೆ ಒದ್ದೆ.

"ಭಾವ ಎಲ್ಲಿ ಅಕ್ಕ?"

"ಬರ್ತಾರೆ" ಎಂದು ಮಿಷನ್ ಮುಂದೆ ಕೂತಳು.

ಭಾವ ಆಚೆಯ ದಂಡೆ ಮುಟ್ಟಿದ ಮೇಲೆ ಮೊದಲ ಬಾರಿಗೆ ತಿರುಗಿ ನೋಡಿದ್ದರು. ಹಿಂದೆ ಯಾರೂ ಇರಲಿಲ್ಲ. ಬರುತ್ತಾಳೆ ಎಂದು ಕಾದರು. ಕೂಗಿದರು. ವಾಪಸು ಹೋಗಲು ನೋಡಿದರೆ ಉಬ್ಬರ ಶುರುವಾಗಿ ನೀರು ಸೊಂಟಕ್ಕೆ ಬಂತು, ಅಲೆ ಎತ್ತಿ ಬಂಡೆಗೆ ಎಸೆಯಿತು. ಬೆಟ್ಟದ ಮೆಟ್ಟಿಲು ಹತ್ತಿ ಓಡಿದರು. ಕೆಳಗೆ ಬುಡ ಪೂರ್ತಿ ಮುಳುಗಿದ್ದು ಮೇಲಿನಿಂದ ಕಾಣುತ್ತಿತ್ತು. ಶೆಡ್ಡಿನಲ್ಲಿ ಅವಳ ಸೈಕಲ್ ಇಲ್ಲದ್ದನ್ನು ನೋಡುವವರೆಗೂ ಅವರು ಅವಳು ಬದುಕಿಲ್ಲವೆಂದೇ ತಿಳಿದಿದ್ದರು. ಅಷ್ಟು ಹೊತ್ತು ಆ ಮನುಷ್ಯನ ಜೀವ ಏನಾಗಿರಬೇಕು ಎಂದು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ನಾಲ್ಕೂಕಾಲಿಗೆ ಬಂದರು. ಚೈನಿನ ಕಡೆ ಸೈಕಲ್ ಮಲಗಿಸಿದ ಗಿರಾಕಿಗಳಿಗೆ ಮುಖ ಮೂತಿ ನೋಡದೆ ಬೈಯುವವರು ತಮ್ಮ ಸೈಕಲ್ಲನ್ನು ಬೀದಿಯಲ್ಲೇ ಬೀಳಿಸಿ ಅಕ್ಕನ ಬಾಗಿಲಿಗೆ ಬಂದು ನಿಂತರು. ಅಂಗಿ ಹರಿದಿತ್ತು, ಮಂಡಿಯಲ್ಲಿ ರಕ್ತ.

"ತೊಳ್ಕೊಳ್ಳಿ" ಎಂದಳು ಅಕ್ಕ, ತಲೆಯೆತ್ತದೆ.

"ಯಾಕೇ ಹಿಂಗ್ ಮಾಡ್ದೆ? ನಾನು ಏನೇನ್ ಅಂದ್ಕೊಂಡೆ ಗೊತ್ತಾ?" ಎಂದರು ಭಾವ. ಆಮೇಲೆ, ಸಮಾಧಾನ ಮಾಡಲೆಂದು, ಕೇಳಬಾರದ್ದನ್ನು ಕೇಳಿದರು. "ಏನದು, ಏನೋ ತೋರಿಸ್ಬೇಕು ಅಂತ ಕರೀತಿದ್ಯಲ್ಲ?"

ಮಿಷನ್ ನಿಂತಿತು.

"ಅಂದ್ರೆ ನಿಮಗೆ ಕೇಳಿಸ್ತು."

ಭಾವ ನಾಲಿಗೆ ಕಚ್ಚಿಕೊಂಡರು. ಕೇಳಿಸಿತ್ತು. ಮೂರು ಸಲವೂ ಕೇಳಿಸಿತ್ತು. "ತಿರುಗಿದ್ರೆ ನಿಂತ್ಬಿಡ್ತಾಳೆ ಅನ್ನೋದೇ ತಲೇಲಿತ್ತು ಕಣೋ" ಎಂದು ಆಮೇಲೆ ನನ್ನ ಬಳಿ ಹೇಳಿದರು. "ಹಿಂದೆ ಇರೋದು ಯಾರು ಅನ್ನೋದೇ ಮರ್ತೆ."

"ಏನದು, ಹೇಳೇ" ಎಂದು ಮತ್ತೆ ಕೇಳಿದರು ಅವತ್ತು.

"ಏನಿಲ್ಲ ಬಿಡಿ" ಎಂದಳು ಅಕ್ಕ.

ಆಮೇಲೆ ಏಳು ವರ್ಷ ಅವರು ಅದನ್ನು ಹುಡುಕಿದರು. ಗುಂಪು ಕರೆದುಕೊಂಡು ಹೋದಾಗಲೆಲ್ಲ, ನಾನು ಅಕ್ಕನಿಂದ ಕೇಳಿ ಹೇಳಿದ ಜಾಗದಲ್ಲಿ, ಮೇಜು ದಾಟಿ ನಾಲ್ಕು ಹೆಜ್ಜೆಗೆ ನಿಂತು ಬಂಡೆಯನ್ನು, ನೀರನ್ನು, ಆಕಾಶವನ್ನು ನೋಡುವುದು. ಸಂಜೆ ಬಂದು ಅಕ್ಕನಿಗೆ ವರದಿ ಒಪ್ಪಿಸುವುದು. ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ ಮನುಷ್ಯ ಈಗ ಮನೆಯಲ್ಲೇ ಮಾತು ನಿಲ್ಲಿಸುತ್ತಿರಲಿಲ್ಲ.

"ಎಡಗಡೆ ಸಂದಿಯಲ್ಲಿ ಹಕ್ಕಿ ಗೂಡಿದೆ, ಅದಾ?"

"ಅಲ್ಲ."

"ಬಂಡೆ ಒಳಗೆ ಬಿಳಿ ಗೆರೆ ಓಡಿದೆ. ಮೀನಿನ ಥರ ಕಾಣ್ಸುತ್ತೆ."

"ಅಲ್ಲ."

"ಅಲ್ಲಿಂದ ನಮ್ ಊರು ಕಾಣುತ್ತಾ?"

"ನೀವೇ ನೋಡಿ."

ನಾನೂ ಒಮ್ಮೆ ಗುಟ್ಟಾಗಿ ಕೇಳಿದೆ. "ಹೇಳಲ್ಲ. ಇಪ್ಪತ್ತೆರಡು ವರ್ಷ ಓಡಾಡಿದ ದಾರಿ, ಅವ್ರಿಗೇ ಗೊತ್ತಿಲ್ದೆ ಇರೋದು ಒಂದು ನನ್ ಕಣ್ಣಿಗೆ ಬಿತ್ತು. ಅದನ್ನ ತೋರಿಸೋ ಆಸೆ ಆಯ್ತು. ಅವ್ರಿಗೆ ಬೇಡವಾಯ್ತು" ಎಂದಳು. ಅವಳ ಧ್ವನಿಯಲ್ಲಿ ಆಗ ಇನ್ನೂ ಉರಿಯಿತ್ತು. ಮತ್ತೆ ಹೋಗೋಣ ಬಾ ಎಂದು ಭಾವ ಪ್ರತಿ ಸೀಸನ್ನಿನಲ್ಲೂ ಕರೆದರು. ಮೊದಲು "ನೋಡೋಣ" ಎಂದಳು, ಆಮೇಲೆ "ಕೆಲ್ಸ ಇದೆ" ಎಂದಳು, ಆಮೇಲೆ ಮಂಡಿ ನೋವು ಎಂದಳು, ಅದು ನಿಜವೂ ಆಗಿತ್ತು.

ಭಾವನ ಕಸುಬು ಕೆಟ್ಟಿತು. ಅವರು ಗುಂಪಿನ ಹಿಂದೆ ನಡೆಯಲು ಶುರು ಮಾಡಿದರು. ಯಾರಾದರೂ ಕರೆದರೆ ತಕ್ಷಣ ಹೋಗಿ, ಏನು ಕಂಡಿತು ಎಂದು ಬಾಗಿ ನೋಡುವರು. ಗುಂಪು ಎಲ್ಲೆಂದರಲ್ಲಿ ನಿಲ್ಲುವುದು, ಹೊತ್ತು ಮೀರುವುದು, ಅರ್ಧಕ್ಕೇ ವಾಪಸು ಬರುವುದು. ಗಡಿಯಾರದಣ್ಣನಿಗೆ ಕೀ ಕೊಡುವುದು ಮರೆತಿದೆ ಎಂದು ಊರವರು ನಕ್ಕರು. ನಾನೂ ಎದುರಿಗೆ ನಕ್ಕು, ಒಳಗೆ ಬಂದು ಮರುಗಿದ್ದುಂಟು. ಗಂಡ ಹೆಂಡತಿ ಚೆನ್ನಾಗಿಯೇ ಇದ್ದರು. ಜಗಳವಿಲ್ಲ, ಮಾತು ಬಿಟ್ಟದ್ದಿಲ್ಲ. ಆದರೂ ಭಾವನಿಗೆ, ಆ ಒಂದು ವಸ್ತು ಸಿಕ್ಕಿಬಿಟ್ಟರೆ ಆ ಬುಧವಾರ ಸರಿಹೋಗುತ್ತದೆ ಎಂಬ ಹಠ.

ಹೋದ ತಿಂಗಳು ಒಂದು ಮಧ್ಯಾಹ್ನ ಅವರು ಉದ್ದದ ಕಾಗದದ ಸುರುಳಿ ಹಿಡಿದು ಅಕ್ಕನ ಅಂಗಡಿಗೆ ಬಂದರು. ನಾನು ಅವಳ ಮಿಷನ್ನಿನ ಪೆಡಲ್ ಬಿಗಿ ಮಾಡುತ್ತಿದ್ದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರುಳಿ ಬಿಡಿಸಿ, ನಾಲ್ಕು ಮೂಲೆಗೂ ಅವಳ ಕತ್ತರಿ, ಇಸ್ತ್ರಿಪೆಟ್ಟಿಗೆ, ನೂಲಿನ ಡಬ್ಬ, ಇಂಚುಪಟ್ಟಿ ಇಟ್ಟರು. ಮೂಗಿನ ದಾರಿಯ ಮೇಜುಬಂಡೆಯಾಚೆಗಿನ ಕಲ್ಲುಗೋಡೆಯ ಚಿತ್ರ. ಎರಡು ತಿಂಗಳು ದಿನಾ ಹೋಗಿ, ಹಳೆಯ ಟೇಪಿನಿಂದ ಅಳೆದು, ಪೆನ್ಸಿಲಿನಲ್ಲಿ ಬರೆದದ್ದು. ಪ್ರತಿ ಬಿರುಕು, ಪ್ರತಿ ತೂತು, ಎಲ್ಲಿ ಪಾಚಿ, ಎಲ್ಲಿ ಚಿಪ್ಪು ಕಚ್ಚಿದೆ, ಎಲ್ಲ ಇತ್ತು. ಹಿಂದೆ ತಿರುಗಿ ನಿಂತರೆ ಕಾಣುವ ಕೊಲ್ಲಿಯನ್ನೂ ಪಕ್ಕದಲ್ಲಿ ಬರೆದಿದ್ದರು.

"ಬಾಯಲ್ಲಿ ಹೇಳ್ಬೇಡ" ಎಂದರು ಭಾವ. "ಬೆರಳಿಡು, ಸಾಕು. ನಾಳೆ ಹೋಗಿ ನೋಡ್ಕೊಂಡ್ ಬರ್ತೀನಿ."

ಅಕ್ಕ ಕನ್ನಡಕ ಹಾಕಿಕೊಂಡಳು. ಚಿತ್ರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳ ಬೆರಳು ಒಂದು ಬಿರುಕಿನ ಮೇಲೆ ಬಂದು ನಿಂತಿತು, ಅಲ್ಲಿಂದ ಎದ್ದು ಕೊಲ್ಲಿಯ ಕಡೆ ಹೋಯಿತು, ಮತ್ತೆ ಬಂಡೆಗೆ ಬಂತು. ಅವಳು ಆಟವಾಡಿಸುತ್ತಿರಲಿಲ್ಲ. ಅವಳ ಹಣೆಯ ಗೆರೆ ನೋಡಿದರೆ ಗೊತ್ತಾಗುತ್ತಿತ್ತು, ನಿಜವಾಗಿ ಹುಡುಕುತ್ತಿದ್ದಳು. ತುಂಬ ಹೊತ್ತಾದ ಮೇಲೆ ಬೆರಳು ಎತ್ತಿದಳು.

"ರೀ, ನಂಗೂ ಮರ್ತು ಹೋಗಿದೆ."

"ಸಿಟ್ಟಿಗೆ ಹಾಗಂತೀಯ."

"ಸಿಟ್ಟಿದ್ದಿದ್ರೆ ನೆನಪಿರ್ತಿತ್ತು" ಎಂದಳು ಅಕ್ಕ.

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ, ಪಾಪ ಎನ್ನುವಂತೆ ಹೇಳಿದಳು. ಭಾವ ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಸ್ಪ್ಯಾನರ್ ನೋಡಿಕೊಂಡೆ. ಆ ಸಿಟ್ಟೊಂದನ್ನೇ ನಂಬಿಕೊಂಡು ಏಳು ವರ್ಷ ನಡೆದ ಮನುಷ್ಯ. ಅದು ಯಾವಾಗ ಕರಗಿತೆಂದು ಅವರಿಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಅಕ್ಕ ಕಾಗದದ ಒಂದು ಅಂಚನ್ನು ಮೆಲ್ಲಗೆ ಎತ್ತಿ, "ಸ್ವಲ್ಪ ತೆಕ್ಕೊಳ್ಳಿ, ಪರದೆ ಕತ್ತರಿಸ್ಬೇಕು" ಎಂದಳು. ಭಾವ ತೆಗೆದುಕೊಂಡರು.